ಮೊದಲು ನೋಡು, ಆಮೇಲೆ ಪಾನಾ ಹಿಡಿ

ಡಿಶ್‌ವಾಷರ್ ಒಳಗೆ ಕಂಠಮಟ್ಟ ನೀರು ತುಂಬಿಕೊಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಬಾಗಿಲು ಹಾಕಿದ ಮೇಲೆ ಒಂದು ಸಲಕ್ಕೆ ಒಳಗೆ ಬರುವುದು ಕೆಲವೇ ಲೀಟರ್ ನೀರು. ಅದು ತಳದ ಗುಂಡಿಯಲ್ಲಿ ನಿಲ್ಲುತ್ತದೆ. ಪಂಪು ಆ ನೀರನ್ನು ಎತ್ತಿ, ತಿರುಗುವ ರೆಕ್ಕೆಗಳ ತೂತುಗಳಿಂದ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ. ಕೆಳಗೆ ಬಿದ್ದದ್ದು ಜಾಲರಿಯಲ್ಲಿ ಸೋಸಿ ಮತ್ತೆ ಪಂಪಿಗೆ ಹೋಗುತ್ತದೆ. ಅದೇ ನೀರು ಹಾಗೇ ಸುತ್ತುತ್ತಾ ಇರುತ್ತದೆ. ಹೊಲಸಾದ ಮೇಲೆ ಅದನ್ನು ಹೊರಗೆ ಹಾಕಿ ಹೊಸ ನೀರು ತೆಗೆದುಕೊಳ್ಳುತ್ತದೆ. ಹೀಗೆ ಮೊದಲಿಂದ ಕೊನೆಯವರೆಗೆ ಇಡೀ ತೊಳೆಯುವಿಕೆಗೆ ಸುಮಾರು 10ರಿಂದ 15 ಲೀಟರ್ ಸಾಕು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಮನೆಯ ಡಿಶ್‌ವಾಷರ್ ಒಂದು ದಿನ ಬಾಗಿಲ ಹತ್ತಿರ ಸೋರಿತು, ಅದು ಯಾಕೆ ಅಂತ ಹುಡುಕಿದ ಕಥೆ ಇದು. ತಳದಲ್ಲಿ ನಿಂತ ನೀರಿನ ಮಟ್ಟ ಬಾಗಿಲಿನ ಕೆಳಗಿನ ಅಂಚಿಗಿಂತ ಕೆಳಗೇ ಇರುತ್ತದೆ. ಹಾಗಾದರೆ ಬಾಗಿಲ ಸಂದಿಯಿಂದ ನೀರು ಹೇಗೆ ಹೊರಗೆ ಬಂತು? ಚಿಮ್ಮುವ ನೀರು ಹೋಗಬಾರದ ಕಡೆ ಹೋಗುತ್ತಿರಬೇಕು. ಇಲ್ಲಾ ನೊರೆ ಎದ್ದು ದಾಟುತ್ತಿರಬೇಕು. ಇಲ್ಲಾ ಮಷೀನೇ ವಾಲಿರಬೇಕು. ಇಷ್ಟು ತಿಳಿದರೆ ಹುಡುಕುವ ಕೆಲಸ ಅರ್ಧ ಮುಗಿದಂತೆ.

ನಾವಿರುವುದು ಹುಬ್ಬಳ್ಳಿಯಲ್ಲಿ. ನೀರಿನ ಲೆಕ್ಕ ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ತಡೆದು ನಿಲ್ಲಿಸಿದ್ದಾರೆ. ಆ ರೇಣುಕಾಸಾಗರದಿಂದ ಅವಳಿ ನಗರಕ್ಕೆ ನೀರು ಬರುತ್ತದೆ. ಕಲಘಟಗಿ ಕಡೆಯ ನೀರಸಾಗರ ಕೆರೆಯೂ ಹಳೆಯ ಆಸರೆ. ಹಗಲೂ ರಾತ್ರಿ ನೀರು ಕೊಡುವ ಯೋಜನೆ 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ಬಂತು. ಉಳಿದ ಓಣಿಗಳು ನಳದಲ್ಲಿ ನೀರು ಬಿಡುವ ದಿನವನ್ನು ಕಾಯುತ್ತಲೇ ಬಂದಿವೆ. ನೀರು ಬಂದ ದಿನ ಸಂಪು ತುಂಬಬೇಕು, ಮೇಲಿನ ಟ್ಯಾಂಕು ತುಂಬಬೇಕು, ಅಡುಗೆಮನೆಯ ಕೊಡ ತುಂಬಬೇಕು. ಸಾಲದೇ ಬಂದರೆ ಬೋರ್ ಇದೆ. ಹೀಗೆ ಕೂಡಿಟ್ಟ ನೀರು ನೆಲದ ಮೇಲೆ ಸುಮ್ನೆ ಹರಿಯುವುದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಹನಿ ಹನಿಯಾದರೂ ಅಷ್ಟೇ.

ಇನ್ನೊಂದು ಸಂಕಟವೂ ಇದೆ. ಡಿಶ್‌ವಾಷರ್ ನಿಂತರೆ ಬಾಂಡೆ ನಿಲ್ಲುವುದಿಲ್ಲ. ಅವು ಮತ್ತೆ ಯಾರದೋ ಕೈಗೆ ಬರುತ್ತವೆ. ಆ ಕೈ ಯಾವಾಗಲೂ ಹೆಂಗಸರದ್ದೇ. ನಮ್ಮ ಮನೆಯಲ್ಲಿ ಬಹಳ ಕಾಲ ಬಾಂಡೆ ತಿಕ್ಕಿದ ಅಕ್ಕ ಕುಂದಗೋಳ ಕಡೆಯವರು. ಬೋರ್ ನೀರು, ಸಾಬೂನು ಪುಡಿ, ಚಳಿಗಾಲದ ಒಣ ಗಾಳಿ ಎಲ್ಲಾ ಸೇರಿ ಅವರ ಬೆರಳ ಸಂದಿ ಸೀಳಿ ರಕ್ತ ಬರುತ್ತಿತ್ತು. ಮಗಳ ಬಾಣಂತನಕ್ಕೆ ಅಂತ ಊರಿಗೆ ಹೋದರು, ಅಲ್ಲೇ ಉಳಿದರು. ಆಮೇಲೆ ಆ ಕೆಲಸ ಅತ್ತೆಯ ಮೇಲೆ, ನನ್ನ ಮೇಲೆ ಬಂತು. ಅತ್ತೆಗೆ ಮಂಡಿ ನೋವು. ಬಚ್ಚಲ ಹತ್ತಿರ ಕೂತರೆ ಏಳುವುದು ಕಷ್ಟ. ಆಗ ನಾವು ಮಷೀನು ತಂದೆವು. ಅದು ಸುಖಕ್ಕಾಗಿ ತಂದ ವಸ್ತು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.

ಈ ಮಷೀನು ಹುಟ್ಟಿದ್ದೂ ಮನೆಯ ಹಿತ್ತಿಲಲ್ಲೇ. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫಿನ್ ಕಾಕ್ರನ್ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಒಬ್ಬ ಮೆಕ್ಯಾನಿಕ್ಕನ ಜೊತೆ ಸೇರಿ ಇದನ್ನು ಕಟ್ಟಿದರು. 1886ರ ಡಿಸೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ತಟ್ಟೆ ಬಟ್ಟಲುಗಳ ಅಳತೆ ತೆಗೆದು, ಒಂದೊಂದಕ್ಕೂ ತಂತಿಯ ಗೂಡು ಮಾಡಿ, ನೀರಿನ ಒತ್ತಡದಿಂದಲೇ ತೊಳೆಯುವ ಯೋಚನೆ ಅವರದು. 1893ರ ಶಿಕಾಗೋ ಮೇಳದಲ್ಲಿ ಅವರ ಮಷೀನು ಎಲ್ಲರ ಕಣ್ಣಿಗೆ ಬಿತ್ತು. ಮೊದಲು ಕೊಂಡವರು ಹೋಟೆಲಿನವರು. ಮನೆಗಳಿಗೆ ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ಆಗಿನ ಮನೆಗಳಲ್ಲಿ ಅಷ್ಟೊಂದು ಬಿಸಿನೀರು ಎಲ್ಲಿಂದ ಬರಬೇಕು? ಒಬ್ಬ ಹೆಂಗಸು ಪಾನಾ (ಸ್ಪ್ಯಾನರ್), ತಂತಿ, ತಾಮ್ರದ ಪಾತ್ರೆ ಇಟ್ಟುಕೊಂಡು ಕಟ್ಟಿಸಿದ ಮಷೀನು ಇದು. ಅದರ ಹೊಟ್ಟೆಯೊಳಗೆ ಏನಿದೆ ಅಂತ ದಿನಾ ಬಳಸುವ ನಮಗೆ ಗೊತ್ತಿರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಸೋರಿದ್ದು ಶ್ರಾವಣದ ಒಂದು ಸಂಜೆ. ಮನೆ ತುಂಬ ಜನ ಬಂದುಹೋಗಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಎಲ್ಲಾ ಆಗಿತ್ತು. ಮಷೀನಿನ ಮುಂದೆ ಅಂಗೈ ಅಗಲ ನೀರು ನಿಂತಿತ್ತು. ಸ್ವಿಚ್ ಆರಿಸಿದೆ, ಪಿನ್ನು ಕಿತ್ತೆ, ಹಿಂದಿನ ನಳ ಬಂದ್ ಮಾಡಿದೆ. ಯಾರ ಮನೆಯಲ್ಲಾದರೂ ಮೊದಲು ಮಾಡಬೇಕಾದದ್ದು ಇದೇ. ಒಳಗೆ ನೀರು ಕಾಯಿಸುವ ಹೀಟರ್ ಸುಮಾರು 2000 ವ್ಯಾಟ್ ಎಳೆಯುತ್ತದೆ. ಒದ್ದೆ ನೆಲದ ಮೇಲೆ ನಿಂತು ಅದರ ಜೊತೆ ಆಟ ಆಡಬಾರದು. ಸ್ವಿಚ್ ಆರಿಸಿದರಷ್ಟೇ ಸಾಲದು, ಪಿನ್ನು ಹೊರಗೆ ಬರಬೇಕು.

ಕಂಪನಿಯ ಸರ್ವಿಸ್‌ಗೆ ಫೋನ್ ಮಾಡಿದರೆ ಮುಂದಿನ ವಾರ ಬರುತ್ತೇವೆ ಅಂದರು. ಬಂದು ನೋಡುವ ಮೊದಲೇ, ಬಾಗಿಲಿನ ರಬ್ಬರು ಬದಲಿಸಬೇಕಾಗಬಹುದು ಅಂತಲೂ ಹೇಳಿಬಿಟ್ಟರು. ನೋಡದೇ ಹೇಗೆ ಗೊತ್ತಾಯಿತು ಅಂತ ನನಗೆ ಬೇಸರ ಆಯಿತು.

ಮಾವ ನಿವೃತ್ತ ಫಿಟ್ಟರ್. 1885ರಲ್ಲಿ ಶುರುವಾದ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಗಾಡಿ ಡಬ್ಬಿಗಳ ದುರಸ್ತಿ ಮಾಡಿದವರು. ಈ ಊರಿನಲ್ಲಿ ಅಂಥವರು ಇರುವ ಮನೆಗಳು ಬಹಳ. ಗ್ಯಾಸ್ ಒಲೆ ಇರಲಿ, ಮಿಕ್ಸರ್ ಇರಲಿ, ಬಿಚ್ಚಿ ನೋಡುವ ಧೈರ್ಯ ಆ ಮನೆಗಳಿಗೆ ಇರುತ್ತದೆ. ನಾನು ಪಾನಾ ತೆಗೆದುಕೊಂಡು ಬಂದಾಗ ಮಾವ ಕುರ್ಚಿಯಿಂದಲೇ ಕೈ ಅಡ್ಡ ಹಿಡಿದರು. "ತಡಿಯವ್ವಾ. ನೀರು ಎಲ್ಲಿಂದ ಬರಾಕತ್ತೈತಿ, ಯಾವಾಗ ಬರಾಕತ್ತೈತಿ, ಮೊದ್ಲ ಅದನ್ನ ನೋಡು. ಆಮ್ಯಾಲೆ ಪಾನಾ ಹಿಡಿ."

ಅಷ್ಟರಲ್ಲಿ ಅತ್ತೆ ಬಗ್ಗಿ ನೆಲದ ನೀರನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. "ಇದು ನಳದ ನೀರಲ್ಲ ಬಿಡ್ರಿ. ಜಿಡ್ಡು ಐತಿ. ಮುಸುರಿ ನೀರು."

ಆ ಒಂದು ಮಾತಿಗೆ ಎಷ್ಟು ಬೆಲೆ ಅಂತ ನನಗೆ ಆಮೇಲೆ ತಿಳಿಯಿತು. ಸ್ವಚ್ಛ ನೀರು ಸೋರಿದ್ದರೆ ತಪ್ಪು ನೀರು ಒಳಗೆ ಬರುವ ದಾರಿಯಲ್ಲಿದೆ. ನಳದ ಜೋಡಣೆ, ಅದರ ವಾಷರ್, ಒಳಬರುವ ಪೈಪು, ನೀರು ಬಿಡುವ ವಾಲ್ವ್, ಇವುಗಳಲ್ಲಿ ಒಂದು. ಜಿಡ್ಡಿನ ನೀರಾದರೆ ಅದು ಪಾತ್ರೆ ಮುಟ್ಟಿ ಬಂದ ನೀರು. ಬಾಗಿಲು, ತಳ, ಪಂಪು, ಹೊರಹಾಕುವ ಪೈಪು, ಇಷ್ಟೇ ಜಾಗ ಹುಡುಕಿದರೆ ಸಾಕು. ಜೀವನವಿಡೀ ಬಾಂಡೆ ತಿಕ್ಕಿದ ಬೆರಳು ಯಾವ ಮೀಟರಿಗೂ ಕಡಿಮೆ ಇಲ್ಲ. ಈ ತಿಳಿವಳಿಕೆಯನ್ನು ನಾವು ತಿಳಿವಳಿಕೆ ಅಂತ ಎಣಿಸುವುದೇ ಇಲ್ಲ, ಅಲ್ವಾ?

ಮರುದಿನ ನೆಲ ಒಣಗಿದ ಮೇಲೆ ಮಾವ ಹಳೆಯ ಪೇಪರ್ ತರಿಸಿದರು. ಮಷೀನಿನ ಮುಂದೆ, ಎರಡೂ ಬದಿಗೆ, ಕೈ ಹೋದಷ್ಟು ಅಡಿಗೆ ಹಾಸಿಸಿದರು. ಪಾತ್ರೆ ಹಾಕದೆ, ಸೋಪಿನ ಬಿಲ್ಲೆ ಹಾಕದೆ, ಬರೀ ನೀರಿನಲ್ಲಿ ಮಷೀನು ಓಡಿಸಬೇಕು. ನಾನು ಒಂದು ಮಣೆ ಹಾಕಿಕೊಂಡು ಬ್ಯಾಟರಿ ಹಿಡಿದು ಕೂತೆ. ನೀರು ಒಳಗೆ ಬರುವಾಗ ಒಂದು ಸದ್ದು. ಪಂಪು ಚಿಮ್ಮಿಸುವಾಗ ಇನ್ನೊಂದು. ಹೊರಗೆ ಹಾಕುವಾಗ ಗುಳುಗುಳು ಅನ್ನುವ ಮತ್ತೊಂದು. ಯಾವ ಸದ್ದಿನ ಹೊತ್ತಿಗೆ ಪೇಪರು ಒದ್ದೆ ಆಗುತ್ತದೆ ಅಂತ ನೋಡುವುದೇ ಕೆಲಸ.

ನೀರು ತುಂಬುವಾಗ ಪೇಪರು ಒಣಗಿಯೇ ಇತ್ತು. ಚಿಮ್ಮಲು ಶುರುವಾಗಿ ಸ್ವಲ್ಪ ಹೊತ್ತಿಗೆ ಬಾಗಿಲಿನ ಎಡ ಮೂಲೆಯ ಕೆಳಗೆ ಒಂದು ಹನಿ ಬಿತ್ತು. ಮತ್ತೊಂದು ಬಿತ್ತು. ಹೊರಗೆ ಹಾಕುವಾಗ ಹನಿ ನಿಂತಿತು. ಹಿಂದಿನ ಪೈಪುಗಳ ಕಡೆ ಹಾಸಿದ ಪೇಪರು ಕೊನೆಯವರೆಗೂ ಗರಿಗರಿಯಾಗಿತ್ತು. ಅಂದರೆ ಪೈಪುಗಳು ಸರಿ ಇವೆ. ತೊಂದರೆ ಬಾಗಿಲಲ್ಲಿದೆ, ಅದೂ ಎಡ ಮೂಲೆಯಲ್ಲಿ.

ನೊರೆ ಇದ್ದಿದ್ದರೆ ಬೇರೆ ಮಾತು. ಕೈಯಿಂದ ತಿಕ್ಕುವ ಲಿಕ್ವಿಡ್ ಸೋಪು ಸ್ವಲ್ಪ ಉಳಿದ ತಾಟನ್ನು ಮಷೀನಿಗೆ ಇಟ್ಟರೂ ಸಾಕು, ಒಳಗೆ ನೊರೆ ಎದ್ದು ಬಾಗಿಲ ಸಂದಿ ದಾಟುತ್ತದೆ. ಮಷೀನಿನ ಪುಡಿ, ಬಿಲ್ಲೆಗಳನ್ನು ನೊರೆ ಏಳದ ಹಾಗೇ ಮಾಡಿರುತ್ತಾರೆ. ನಮ್ಮ ಕಡೆ ಪಾತ್ರೆಯನ್ನು ಒಮ್ಮೆ ಸೋಪು ಹಚ್ಚಿ ತೊಳೆದೇ ಮಷೀನಿಗೆ ಇಡುವ ಮನೆಗಳಿವೆ. ಅಲ್ಲಿ ಸೋರಿದರೆ ನಾನು ಮೊದಲು ಕೇಳುವುದು ಇದನ್ನೇ.

ಬಾಗಿಲ ಸುತ್ತ ಇರುವ ರಬ್ಬರು ನಾಲ್ಕೂ ಬದಿಗೆ ಇರುತ್ತದೆ ಅಂತ ನೋಡಿದವರಿಗೆ ಅನ್ನಿಸುತ್ತದೆ. ಬಹಳ ಮಷೀನುಗಳಲ್ಲಿ ಅದು ಎರಡು ಪಕ್ಕ ಮತ್ತು ಮೇಲೆ ಮಾತ್ರ. ಕೆಳಗೆ ಬಾಗಿಲಿನ ಅಂಚಿಗೆ ಬೇರೆಯದೇ ಒಂದು ತೆಳು ರಬ್ಬರ್ ಪಟ್ಟಿ ಇರುತ್ತದೆ. ಎರಡೂ ಸೇರುವ ಮೂಲೆಯಲ್ಲೇ ಹೊಲಸು ಕೂರುವುದು. ಆ ಜಾಗಕ್ಕೆ ಚಿಮ್ಮುವ ನೀರು ಸರಿಯಾಗಿ ತಾಗುವುದೂ ಇಲ್ಲ. ನಾನು ಬಾಗಿಲು ಪೂರ್ತಿ ಇಳಿಸಿ, ಹಳೆಯ ಹಲ್ಲುಜ್ಜುವ ಬ್ರಶ್ ಮತ್ತು ಉಗುರುಬೆಚ್ಚಗಿನ ನೀರು ತೆಗೆದುಕೊಂಡು ತಿಕ್ಕಿದೆ. ಬಂದದ್ದನ್ನು ನೋಡಿದರೆ ನಮ್ಮ ಅಡುಗೆಯ ಚರಿತ್ರೆಯೇ ಅಲ್ಲಿತ್ತು. ಶೇಂಗಾ ಹಿಂಡಿಯ ಕಂದು ಜಿಡ್ಡು, ಎಣ್ಣೆಗಾಯಿಯ ಮಸಾಲೆ, ಜೋಳದ ಹಿಟ್ಟು ಬಿಸಿನೀರಿಗೆ ಬೆಂದು ಆದ ಬಿಳಿ ಅಂಟು. ಈ ಮಷೀನು ತಯಾರಿಸಿದವರು ನಮ್ಮ ಶೇಂಗಾ ಎಣ್ಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಕ್ಕಿಲ್ಲ. ಹಾಗಾಗಿ ನಾವೇ ಇಟ್ಟುಕೊಳ್ಳಬೇಕು. ರಬ್ಬರು ಹರಿದಿರಲಿಲ್ಲ, ಗಡುಸೂ ಆಗಿರಲಿಲ್ಲ. ಒತ್ತಿದರೆ ಮತ್ತೆ ಮೇಲೆ ಬರುತ್ತಿತ್ತು. ಅದನ್ನು ಬದಲಿಸುವ ಅಗತ್ಯವೇ ಇರಲಿಲ್ಲ.

ಮತ್ತೆ ಪೇಪರು ಹಾಸಿ ಓಡಿಸಿದೆವು. ಹನಿ ಕಡಿಮೆ ಆಯಿತು. ನಿಲ್ಲಲಿಲ್ಲ.

ಮಾವ ಹೇಳಿದ್ದು, ನೀರು ಹೋಗಬಾರದ ಕಡೆ ಯಾಕೆ ಹೋಗುತ್ತಿದೆ ಅಂತ ಈಗ ನೋಡು ಅಂತ. ಕೆಳಗಿನ ರೆಕ್ಕೆಯನ್ನು ಕೈಯಿಂದಲೇ ಎಳೆದರೆ ಹೊರಗೆ ಬರುತ್ತದೆ. ಅದರ ತೂತುಗಳ ಸುತ್ತ ಬಿಳಿ ಸುಣ್ಣ ಕಟ್ಟಿತ್ತು. ಒಂದು ತೂತಿನಲ್ಲಿ ಸಾಸಿವೆ ಕಾಳು ಅಳತೆ ತೆಗೆದು ಇಟ್ಟ ಹಾಗೆ ಕೂತಿತ್ತು. ಅರ್ಧ ಮುಚ್ಚಿದ ತೂತಿನಿಂದ ನೀರು ನೇರ ಮೇಲೆ ಹೋಗುವುದಿಲ್ಲ, ಓರೆಯಾಗಿ ಬಾಗಿಲ ಕಡೆ ಬಡಿಯುತ್ತದೆ. ಸಿಟ್ರಿಕ್ ಆ್ಯಸಿಡ್, ಅಂದರೆ ಅಂಗಡಿಯಲ್ಲಿ ಲಿಂಬೆ ಉಪ್ಪು ಅಂತ ಕೇಳಿದರೆ ಸಿಗುವ ಪುಡಿ, ಅದನ್ನು ಬಿಸಿನೀರಿಗೆ ಹಾಕಿ ರೆಕ್ಕೆಯನ್ನು ಮುಳುಗಿಸಿ ಇಟ್ಟೆ. ಸುಣ್ಣ ಕರಗಿತು. ತೂತುಗಳನ್ನು ಕಡ್ಡಿಯಿಂದ ಬಿಡಿಸಿದೆ. ಅದರ ಎರಡು ಹೋಳು ಸೇರುವ ಗೆರೆಯಲ್ಲಿ ಬಿರುಕು ಇದೆಯಾ ಅಂತಲೂ ಬೆಳಕಿಗೆ ಹಿಡಿದು ನೋಡಿದೆ, ಇರಲಿಲ್ಲ. ಅಲ್ಲಿ ಸೀಳಿದ್ದರೆ ನೀರು ಬಾಗಿಲ ಬುಡಕ್ಕೇ ಬಡಿಯುತ್ತದೆ. ಆಗ ರೆಕ್ಕೆ ಬದಲಿಸುವುದೇ ದಾರಿ.

ಪಾತ್ರೆ ಇಡುವ ರೀತಿಗೂ ಇದಕ್ಕೂ ನಂಟಿದೆ. ಹಿಟ್ಟು ನಾದುವ ದೊಡ್ಡ ಪರಾತವನ್ನು ಮುಂದಿನ ಸಾಲಿನಲ್ಲಿ ಬಾಗಿಲ ಕಡೆ ವಾಲಿಸಿ ಇಟ್ಟರೆ ನೀರು ಅದಕ್ಕೆ ಬಡಿದು ಬಾಗಿಲಿಗೆ ಜಾರುತ್ತದೆ. ಪರಾತ ಹಿಂದಿನ ಸಾಲಿಗೆ ಹೋಗಬೇಕು. ಇದು ಯಾವ ಪುಸ್ತಿಕೆಯಲ್ಲೂ ಇಲ್ಲ, ಯಾಕೆಂದರೆ ಆ ಪುಸ್ತಿಕೆ ಬರೆದವರ ಮನೆಯಲ್ಲಿ ಪರಾತ ಇರುವುದಿಲ್ಲ.

ಕೊನೆಯ ಹನಿಯ ಗುಟ್ಟು ಮಷೀನಿನಲ್ಲಿ ಇರಲೇ ಇಲ್ಲ. ನೆಲದಲ್ಲಿತ್ತು. ನಮ್ಮ ಡಿಶ್‌ವಾಷರ್ ಇರುವುದು ಅಡುಗೆಮನೆಯ ಹಿಂದೆ, ಮೊದಲು ಬಾಂಡೆ ತಿಕ್ಕುತ್ತಿದ್ದ ಜಾಗದಲ್ಲೇ. ಮನೆ ಕಟ್ಟಿದ ಗೌಂಡಿ ಅಲ್ಲಿ ಢಾಳ ಕೊಟ್ಟಿದ್ದಾರೆ. ನೀರು ಹಾಕಿದರೆ ಎಲ್ಲೂ ನಿಲ್ಲದೆ ಬಚ್ಚಲಿಗೆ ಹೋಗಬೇಕಲ್ಲ, ಅದಕ್ಕೆ. ಕೈಯಿಂದ ತಿಕ್ಕುವ ಕಾಲಕ್ಕೆ ಅದು ಬಹಳ ಒಳ್ಳೆಯ ಕೆಲಸ. ಆದರೆ ಅದೇ ಢಾಳದ ಮೇಲೆ ನಿಂತ ಮಷೀನು ಮುಂದಕ್ಕೆ, ಎಡಕ್ಕೆ ವಾಲಿತ್ತು. ಒಳಗಿನ ನೀರೂ ಎಡ ಮೂಲೆಗೇ ಸೇರುತ್ತಿತ್ತು. ಮಾವ ಪಕ್ಕದ ಓಣಿಯಲ್ಲಿ ಕೆಲಸ ಮಾಡುತ್ತಿದ್ದ ಗೌಂಡಿಯಿಂದ ರಸಮಟ್ಟ ಕೇಳಿ ತಂದರು. ಬಾಗಿಲು ತೆರೆದು ಒಳಗಿನ ಅಂಚಿನ ಮೇಲೆ ಇಟ್ಟರೆ ಗುಳ್ಳೆ ಬಲಕ್ಕೆ ಓಡಿತು. ಯಾವ ಕಡೆ ಎತ್ತರವೋ ಗುಳ್ಳೆ ಆ ಕಡೆ ಹೋಗುತ್ತದೆ.

ಮಷೀನಿನ ಕಾಲುಗಳು ತಿರುಪಿನವು. ಇವರು, ನನ್ನ ಗಂಡ, ಮುಂದಿನ ಭಾಗವನ್ನು ಸ್ವಲ್ಪ ಎತ್ತಿ ಹಿಡಿದರು. ಮಾವ ಪಾನಾವನ್ನು ನನ್ನ ಕೈಗೆ ಕೊಟ್ಟರು. "ಈಗ ಹಿಡಿ" ಅಂದರು. ಎಡಗಾಲನ್ನು ಅಷ್ಟಷ್ಟೇ ತಿರುಗಿಸಿ ಉದ್ದ ಮಾಡಿದೆ. ಗುಳ್ಳೆ ಮಧ್ಯಕ್ಕೆ ಬಂತು. ಆಮೇಲೆ ರಸಮಟ್ಟವನ್ನು ಹಿಂದೆ ಮುಂದೆ ತಿರುಗಿಸಿ ಇಟ್ಟು, ಎರಡೂ ಮುಂಗಾಲು ಸರಿ ಮಾಡಿದೆ. ನಾಲ್ಕೂ ಕಾಲು ನೆಲಕ್ಕೆ ಗಟ್ಟಿಯಾಗಿ ಊರಿವೆಯಾ ಅಂತ ಮೂಲೆ ಹಿಡಿದು ಅಲ್ಲಾಡಿಸಿ ನೋಡಿದೆವು. ಪೇಪರು ಹಾಸಿ ಓಡಿಸಿದರೆ ಪೇಪರು ಒಣಗಿಯೇ ಇತ್ತು.

ನಮ್ಮ ಊರುಗಳಲ್ಲಿ ಡಿಶ್‌ವಾಷರ್ ಇಡುವ ಬಹಳ ಮನೆಗಳಲ್ಲಿ ಅದು ನಿಲ್ಲುವುದು ಇಂಥ ಢಾಳದ ನೆಲದ ಮೇಲೆಯೇ. ಸೋರಿದರೆ ರಬ್ಬರು ಬದಲಿಸುವ ಮೊದಲು ಒಂದು ರಸಮಟ್ಟ ಇಟ್ಟು ನೋಡಿ. ಖರ್ಚಿಲ್ಲ.

ಇನ್ನೊಂದು ಸಂಗತಿ ಗದಗಿನ ನಮ್ಮ ಸಂಬಂಧಿಕರ ಮನೆಯದು. ಅವರ ಮಷೀನು ಹೊರಗೆ ಒಂದು ಹನಿ ಸೋರಲಿಲ್ಲ. ಆದರೆ ಶುರುವಾಗುತ್ತಿದ್ದಂತೆ ನಿಂತುಬಿಡುತ್ತಿತ್ತು, ಹೊರಹಾಕುವ ಪಂಪು ಮಾತ್ರ ಗುಂಯ್ ಅಂತ ಓಡುತ್ತಲೇ ಇರುತ್ತಿತ್ತು. ಬಹಳ ಮಷೀನುಗಳ ಅಡಿಯಲ್ಲಿ ಒಂದು ತಟ್ಟೆ ಇರುತ್ತದೆ, ಅದರಲ್ಲಿ ತೇಲುವ ಒಂದು ಬಿಲ್ಲೆ. ಒಳಗೆ ಎಲ್ಲಾದರೂ ಸೋರಿ ತಟ್ಟೆಯಲ್ಲಿ ನೀರು ಸೇರಿದರೆ ಬಿಲ್ಲೆ ಮೇಲೆದ್ದು ಸ್ವಿಚ್ ಒತ್ತುತ್ತದೆ. ಮಷೀನು ತಾನಾಗಿ ನಿಲ್ಲುತ್ತದೆ. ಮನೆಗೆ ನೀರು ನುಗ್ಗದಿರಲಿ ಅಂತ ಮಾಡಿದ ಒಳ್ಳೆಯ ವ್ಯವಸ್ಥೆ. ಸರ್ವಿಸ್‌ಗೆ ಬಂದವರು ಮಷೀನನ್ನು ಓರೆ ಮಾಡಿ ತಟ್ಟೆಯ ನೀರು ಚೆಲ್ಲಿ, ಸರಿಯಾಯಿತು ಅಂತ ದುಡ್ಡು ತೆಗೆದುಕೊಂಡು ಹೋದರು. ಸ್ವಲ್ಪ ಕಾಲಕ್ಕೆ ಮತ್ತೆ ಅದೇ ಕಥೆ. ಎಷ್ಟು ಸಲ ಚೆಲ್ಲಿದರೂ ತಟ್ಟೆ ತುಂಬುತ್ತಲೇ ಇರುತ್ತದೆ, ಸೋರಿಕೆ ಸಿಗುವವರೆಗೆ. ಕೊನೆಗೆ ಬೇರೆ ಮೆಕ್ಯಾನಿಕ್ ಪಕ್ಕದ ತಗಡು ಬಿಚ್ಚಿ ನೋಡಿದಾಗ ಒಳಗಿನ ಒಂದು ಪೈಪಿನ ಕ್ಲಾಂಪ್ ಸಡಿಲಾಗಿತ್ತು. ಇಂಥ ಕೆಲಸವನ್ನು ಬಲ್ಲವರೇ ಮಾಡಲಿ ಅನ್ನುವವಳು ನಾನು. ಪಂಪಿನ ಸೀಲು, ಹೀಟರು, ಒಳಗಿನ ವೈರು, ಇವುಗಳಿಗೆ ನಾನು ಕೈ ಹಾಕುವುದಿಲ್ಲ. ಆದರೆ ಮೆಕ್ಯಾನಿಕ್ ಬಂದಾಗ, ಸೋರುವ ನೀರು ಜಿಡ್ಡಿನದೋ ಸ್ವಚ್ಛವೋ, ತುಂಬುವಾಗಲೋ ಚಿಮ್ಮುವಾಗಲೋ, ಎಡಕ್ಕೋ ಬಲಕ್ಕೋ ಅಂತ ಹೇಳಬಲ್ಲೆ. ಅಷ್ಟು ಹೇಳಿದರೆ ಬೇಡದ ಭಾಗ ಬದಲಿಸುವ ಮಾತು ಬರುವುದಿಲ್ಲ.

ಆ ಬಿಳಿ ಸುಣ್ಣದ ಮಾತು ಇನ್ನೂ ಬಾಕಿ ಇದೆ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಡಿಶ್‌ವಾಷರ್ ತಳದಲ್ಲಿ ನೀರನ್ನು ಮೆದು ಮಾಡುವ ರಾಳದ ಮಣಿಗಳಿರುತ್ತವೆ. ಅವು ಸುಣ್ಣವನ್ನು ಹಿಡಿದುಕೊಳ್ಳುತ್ತವೆ. ಹಿಡಿದು ಹಿಡಿದು ತುಂಬಿದ ಮೇಲೆ ಉಪ್ಪುನೀರು ಹಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ನಾವು ಹಾಕುವ ಉಪ್ಪು ಇರುವುದು ಇದಕ್ಕೆ, ಪಾತ್ರೆ ತೊಳೆಯಲು ಅಲ್ಲ. ಅಡುಗೆಯ ಪುಡಿ ಉಪ್ಪು ಹಾಕಬಾರದು, ಅದು ಗಟ್ಟಿ ಕಟ್ಟುತ್ತದೆ. ಡಿಶ್‌ವಾಷರ್‌ಗೆ ಅಂತಲೇ ಸಿಗುವ ಹರಳುಪ್ಪು ಬೇಕು.

ಎಷ್ಟು ಗಡಸು ನೀರು ಅಂತ ಮಷೀನಿಗೆ ಮೊದಲೇ ಹೇಳಿಡುವ ಒಂದು ಸೆಟ್ಟಿಂಗ್ ಇರುತ್ತದೆ. ಕೂಡಿಸಿಕೊಡಲು ಬಂದವರು ಆ ದಿನ ಟ್ಯಾಂಕಿನಲ್ಲಿದ್ದ ನೀರಿಗೆ ಅದನ್ನು ಇಟ್ಟು ಹೋಗುತ್ತಾರೆ. ಆದರೆ ನಮ್ಮ ಟ್ಯಾಂಕಿನಲ್ಲಿ ಇರುವುದು ಎರಡು ನೀರು. ಮಳೆಗಾಲದಲ್ಲಿ ಮಲಪ್ರಭೆಯದೇ ಜಾಸ್ತಿ, ಬೇಸಿಗೆ ಬಂದಂತೆ ಬೋರಿನದು ಏರುತ್ತದೆ. ಅದಕ್ಕೆ ಶಿವರಾತ್ರಿ ಕಳೆದ ಕೂಡಲೇ ನಾನು ಆ ಸೆಟ್ಟಿಂಗ್ ಮೇಲಕ್ಕೆ ಏರಿಸುತ್ತೇನೆ, ಉಪ್ಪಿನ ಡಬ್ಬಿ ತುಂಬಿಸುತ್ತೇನೆ, ರೆಕ್ಕೆ ಬಿಚ್ಚಿ ಲಿಂಬೆ ಉಪ್ಪಿನ ನೀರಿಗೆ ಹಾಕುತ್ತೇನೆ. ಬಾಗಿಲ ಮೂಲೆ ಒರೆಸುವ ಕೆಲಸ ಅತ್ತೆ ತಾವೇ ತೆಗೆದುಕೊಂಡಿದ್ದಾರೆ. ಹಿಂಡಿ ಹಾಕಿದ ವಾಟಗವನ್ನು ಒಂದು ತುಂಡು ಪೇಪರಿನಿಂದ ಒರೆಸದೆ ಮಷೀನಿಗೆ ಇಡುವ ಹಾಗಿಲ್ಲ ಅಂತ ಮನೆಯವರಿಗೆಲ್ಲಾ ಹೇಳಿದ್ದಾರೆ. ಇವರೂ, ಮಕ್ಕಳೂ ಈಗ ಹಾಗೇ ಮಾಡುತ್ತಾರೆ.